ಬಚ್ಚಲ ಹಿಂದಿನ ಸುಗಂಧಿ

“ಸುಗಂಧಿ ಬೇಡ ಮೇಡಂ, ವಿಪರೀತ ನೀರು ಕುಡಿಯುತ್ತೆ. ಬೋರ್‌ವೆಲ್ ನಂಬ್ಕೊಂಡು ಇದನ್ನ ಸಾಕೋಕಾಗಲ್ಲ.”

ಬೆಂಗಳೂರಿನ ನರ್ಸರಿಯೊಂದರಲ್ಲಿ ಕಿವಿಗೆ ಬಿದ್ದ ಮಾತಿದು. ಗಿಡ ಮಾರುವವನೇ ಗಿಡ ಬೇಡವೆಂದದ್ದು ವಾರವಿಡೀ ಕೊರೆಯುತ್ತಿತ್ತು. ಕೊಳ್ಳಲು ಬಂದಿದ್ದ ಮೇಡಂ ಸುರುಳಿ ಸುಗಂಧಿ ಬಿಟ್ಟು ಕಾಬಾಳೆ ಕೊಂಡರು. ಅದಕ್ಕೇನು ಬಾಯಾರಿಕೆ ಕಡಿಮೆಯೇ? ಚೀಟಿಯಲ್ಲಿ ಬೇರೆ ‘ಇಂಡಿಯನ್ ಕ್ಯಾನಾ’ ಎಂದಿತ್ತು.

ಹೆಸರಿನ ಜಾಡು ಹಿಡಿಯುವುದು ನನ್ನ ಚಟ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಕಾಬಾಳೆಗೆ ‘ಇಂಡಿಕಾ’ ಎಂದು ಹೆಸರಿಟ್ಟ. ಆ ಗಿಡದ ತವರು ಅಮೆರಿಕದ ಉಷ್ಣವಲಯ. ಕೊಲಂಬಸ್ ದಾರಿತಪ್ಪಿ ತಲುಪಿದ ‘ಇಂಡೀಸ್’. ಕನ್ನಡದವರು ಊರುಕೇರಿ ವಿಚಾರಿಸದೆ, ಎಲೆ ನೋಡಿ ‘ಬಾಳೆ’ ಅಂದರು, ಜಾಣರು. ಸುಗಂಧಿಯ ‘ಹೆಡಿಚಿಯಂ’ ಎಂಬ ಹೆಸರು ಲಿನೇಯಸ್‌ನ ಶಿಷ್ಯ, ತರಂಗಂಬಾಡಿಯಲ್ಲಿದ್ದ ಕೋನಿಗ್‌ನದು; ಅಚ್ಚಾದದ್ದು 1783ರಲ್ಲಿ. ಗ್ರೀಕಿನಲ್ಲಿ ಸಿಹಿ ಮತ್ತು ಹಿಮ ಸೇರಿ ಆದ ಪದ. ಜೊತೆಗಿರುವ ‘ಕೊರೊನೇರಿಯಂ’ ಅಂದರೆ ಮಾಲೆಗೆ ಒದಗುವುದು. ಮುಡಿಯುವವರಿಗೆ ಇದನ್ನು ಲ್ಯಾಟಿನ್ ಹೇಳಿಕೊಡಬೇಕಿರಲಿಲ್ಲ. ಹಿಮಾಲಯದ ಪೂರ್ವ ತಪ್ಪಲಿನ ಈ ಹೂ ಈಗ ಕ್ಯೂಬಾದ ರಾಷ್ಟ್ರಪುಷ್ಪ.

ಇಷ್ಟು ಬರೆದ ಮೇಲೆ ಹೊಳೆಯಿತು: ಮಲೆನಾಡಿನ ಮನೆಗಳಲ್ಲಿ ಇವಕ್ಕೆ ಕೊಡ ಹೊತ್ತು ನೀರೆರೆದವರನ್ನು ನಾನು ಕಂಡೇ ಇಲ್ಲ. ಬಚ್ಚಲ ನೀರು ಹರಿಯುವಲ್ಲಿ ಕೆಸುವಿನ ಪಕ್ಕ ಒಂದು ಗಡ್ಡೆ ಊರಿದರೆ ಮುಗಿಯಿತು. ಹೂ ಮುಗಿಸಿದ ದಂಟು ಮತ್ತೆ ಹೂ ಬಿಡದು. ಬುಡಕ್ಕೆ ಕೊಯ್ದರೆ ಗಡ್ಡೆಯಿಂದ ಹೊಸದು ಬರುತ್ತದೆ. ಎರಡು-ಮೂರು ವರ್ಷಕ್ಕೊಮ್ಮೆ ಒತ್ತಾದ ಬುಡ ಕಿತ್ತು, ಗಡ್ಡೆ ಪಾಲು ಮಾಡಿ ನೆರೆಮನೆಗೂ ಕೊಡುವುದು. ಮಳೆಗಾಲದ ಸಂಜೆ ಹಿತ್ತಲೆಲ್ಲ ಘಮ. ಬಚ್ಚಲ ನೀರಿಗೆ ಗಡ್ಡೆ ಊರಿದಂತೆಯೇ, ಕೊಳಚೆ ಶುದ್ಧಿಗೆಂದು ಎಂಜಿನಿಯರುಗಳು ಇಂದು ಕಾಬಾಳೆಯ ಮಡಿ ಮಾಡುತ್ತಾರೆ. ಬೇರಿನ ಸುತ್ತಲ ಸೂಕ್ಷ್ಮಜೀವಿಗಳು ಕೊಳೆ ಒಡೆಯುತ್ತವೆ, ಸಾರಜನಕ-ರಂಜಕವನ್ನು ಗಿಡ ಹೀರುತ್ತದೆ.

ಹಾಗಾದರೆ ಗಿಡ ಎಷ್ಟು ನೀರು ಕುಡಿಯುತ್ತದೆ ಎನ್ನುವುದಕ್ಕಿಂತ ಮಿಂದ ನೀರು ಎತ್ತ ಹೋಗುತ್ತದೆ ಎಂದು ಕೇಳಬೇಕಿತ್ತು. ಈಗ ಅದು ಕೊಳವೆಯಲ್ಲಿ ಇಳಿದು ಊರಾಚೆ ಹೋಗುತ್ತದೆ. ಗಿಡಕ್ಕೆ ಬೋರ್‌ವೆಲ್ ನೀರು. ನರ್ಸರಿಯವನ ಲೆಕ್ಕ ಸರಿಯಾಗಿಯೇ ಇದೆ. ಒಂದೇ ನೀರನ್ನು ಎರಡು ಸಲ ಬಳಸುವುದನ್ನು ಮರೆತವರು ನಾವು. ಮನೆ ಕಟ್ಟಿಸುತ್ತಿರುವವರು ಬಚ್ಚಲ ಕೊಳವೆಯ ಬಾಯನ್ನು ಹಿತ್ತಲಿನತ್ತ ತಿರುಗಿಸಿ. ಬ್ಲೀಚಿಂಗ್ ಪುಡಿಯನ್ನು ಮಾತ್ರ ಅದಕ್ಕೆ ಸುರಿಯಬೇಡಿ.