ಗುಜರಿಯವ್ರೂ ಬೇಡ ಅನ್ನೋ ಪ್ಯಾಕೆಟ್ (ಭಾಗ 6)

ತಲಕಾಡಿನ ಮರಳಲ್ಲಿ ಪಾತಾಳೇಶ್ವರನಿಂದ ಮರಳೇಶ್ವರನ ಕಡೆ ನಡೀರಿ. ಕಾಲಿಗೆ ಸಿಗೋದು ಬಾಟಲಿಗಿಂತ ಚಿಪ್ಸ್ ಪ್ಯಾಕೆಟ್ಟೇ ಜಾಸ್ತಿ.

ಬಾಟಲಿನೂ ಎಸೀತೀವಲ್ಲ, ಅದೆಲ್ಲಿ ಹೋಯ್ತು? ಗುಜರಿಗೆ. ಅದು ಪೆಟ್ ಪ್ಲಾಸ್ಟಿಕ್ಕು, ತೂಕಕ್ಕೆ ದುಡ್ಡು ಸಿಗುತ್ತೆ. ಮುಚ್ಚಳ ಬೇರೆ ಜಾತಿದು, ಆದ್ರೂ ತೊಂದ್ರೆ ಇಲ್ಲ: ಪುಡಿ ಮಾಡಿ ನೀರಿಗೆ ಹಾಕಿದ್ರೆ ಪೆಟ್ ಮುಳುಗುತ್ತೆ, ಮುಚ್ಚಳ ತೇಲುತ್ತೆ. ಚಿಪ್ಸ್ ಪ್ಯಾಕೆಟ್ ಒಳಗೆ ಬೆಳ್ಳಿ ಥರ ಹೊಳೆಯೋದು ಪ್ಲಾಸ್ಟಿಕ್ ಮೇಲಿನ ಅಲ್ಯೂಮಿನಿಯಂ ಲೇಪ. ಚಿಪ್ಸ್ ಗರಿಗರಿ ಇರುತ್ತೆ, ಒಪ್ಕೋತೀನಿ. ಆದ್ರೆ ಆ ಪದರ ಬಿಡಿಸೋ ಖರ್ಚು ಸಿಗೋ ಮಾಲಿಗಿಂತ ಜಾಸ್ತಿ.

2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮ, ಮರುಬಳಕೆಯಾಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡೇ ವರ್ಷದಲ್ಲಿ ನಿಲ್ಲಿಸಬೇಕು ಅಂದಿತ್ತು. ಎರಡು ವರ್ಷ ಆಯ್ತು, 2018ರಲ್ಲಿ ತಿದ್ದುಪಡಿ ಬಂತು: ಸುಟ್ಟು ಶಕ್ತಿ ತೆಗೆಯೋಕಾದ್ರೆ ನಡೆಯುತ್ತೆ!

ಬಿಕಾಂನವಳಾಗಿ ನನ್ನ ಪ್ರಶ್ನೆ ಇಷ್ಟೇ. 5 ರೂಪಾಯಿ ಪ್ಯಾಕೆಟ್ಟಿನ ಲೆಕ್ಕದಲ್ಲಿ ಆಲೂಗಡ್ಡೆ, ಎಣ್ಣೆ, ಸಾಗಣೆ, ಅಂಗಡಿಯವ್ರ ಲಾಭ ಎಲ್ಲಾ ಇದೆ. ಮರಳಿಂದ ಅದನ್ನ ಆಯೋರ ಕೂಲಿ ಯಾರ ಲೆಕ್ಕಕ್ಕೆ? "ಕಸ ಹಾಕಬೇಡಿ" ಬೋರ್ಡು ನಮಗಷ್ಟೇ ಯಾಕೆ? ಗುಜರಿಯವ್ರು ಬೇಡ ಅಂದ ಪ್ಯಾಕೆಟ್ಟನ್ನ ತಯಾರಿಸಿದ ಕಂಪನಿನೇ ದುಡ್ಡು ಕೊಟ್ಟು ವಾಪಸ್ ತಗೊಳ್ಳಲಿ. ಆಗ ಒಂದೇ ಜಾತಿ ಪ್ಲಾಸ್ಟಿಕ್ಕಿನ ಪ್ಯಾಕೆಟ್ ಹೆಂಗೆ ಮಾಡೋದು ಅಂತ ಅವರೇ ಕಂಡ್ಕೋತಾರೆ.

ನಿಮ್ಮೂರ ಗುಜರಿಯವ್ರು ಇದನ್ನ ತಗೋತಾರಾ? ಕೇಳಿ, ಕಾಮೆಂಟಲ್ಲಿ ಹಾಕಿ.