ಪ್ರವಾಹ ಮತ್ತು ಬಲೆ

ಕ್ರಿಸ್ಮಸ್ ಸಮಯದಲ್ಲಿ ತಮ್ಮ ಕಡಲಿಗೆ ಬರುತ್ತಿದ್ದ ಬೆಚ್ಚನೆಯ ಪ್ರವಾಹಕ್ಕೆ ಪೆರು ದೇಶದ ಮೀನುಗಾರರು 'ಎಲ್ ನಿನ್ಯೊ', ಅಂದರೆ ಬಾಲಯೇಸು, ಎಂದು ಹೆಸರಿಟ್ಟರು. ಅಲ್ಲಿ ಗಾಳಿಯು ಮೇಲಣ ನೀರನ್ನು ದೂರ ತಳ್ಳಿದಾಗ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇರುತ್ತದೆ. ಅದರಿಂದ ಪ್ಲಾಂಕ್ಟನ್ ಎಂಬ ಸೂಕ್ಷ್ಮಜೀವಿಗಳೂ, ಅವನ್ನುಂಡು ಆಂಚೊವಿ ಮೀನುಗಳೂ ಹೆಚ್ಚುತ್ತವೆ. ಬಿಸಿನೀರು ಬಲವಾಗಿ ಆವರಿಸಿದ ವರ್ಷ ಈ ಅನ್ನದ ಬಟ್ಟಲು ಬರಿದಾಗುತ್ತದೆ.

1970ರಲ್ಲಿ 1 ಕೋಟಿ 20 ಲಕ್ಷ ಟನ್ನಿಗೂ ಮಿಕ್ಕಿದ್ದ ಪೆರುವಿನ ಆಂಚೊವಿ ಹಿಡುವಳಿ 1973ರಲ್ಲಿ ಸುಮಾರು 20 ಲಕ್ಷ ಟನ್ನಿಗೆ ಕುಸಿಯಿತು. ಇದಕ್ಕೆ 1972ರ ಎಲ್ ನಿನ್ಯೊ ಮಾತ್ರ ಹೊಣೆಯೇ? ಅಲ್ಲ. ಅತಿಯಾದ ಬೇಟೆಯಿಂದ ಮೀನಿನ ಸಂತತಿ ಮೊದಲೇ ಬಳಲಿತ್ತು. ಪ್ರವಾಹವು ಮನುಷ್ಯನ ಅಧೀನದಲ್ಲಿಲ್ಲ. ಬಲೆಯು ಅವನ ಕೈಯಲ್ಲೇ ಇದೆ. ಮೊದಲನೆಯದನ್ನು ದೂರಿ ಎರಡನೆಯದನ್ನು ಮರೆಯುವುದು ನಮ್ಮ ಸ್ವಭಾವ.

2023ರಲ್ಲಿ ಬಿಸಿನೀರು ಮರಳಿದಾಗ, ಮರಿಮೀನುಗಳೇ ಅಧಿಕವೆಂದು ಕಂಡ ಪೆರು ಸರ್ಕಾರವು, ದುಡಿಯುವವರಿಗೆ ಕಷ್ಟವಾದರೂ, ಪ್ರಮುಖ ವಲಯದ ಮೊದಲ ಹಂಗಾಮನ್ನೇ ರದ್ದುಗೊಳಿಸಿತು. ಮರುವರ್ಷ ಬಲೆಗಳು ಮತ್ತೆ ತುಂಬಿದವು.

ಜೂನ್, ಜುಲೈ ತಿಂಗಳುಗಳಲ್ಲಿ ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳು ದಡದಲ್ಲಿ ವಿರಮಿಸುವುದೂ ಇದೇ ವಿವೇಕದಿಂದ. ಮರಿಮೀನನ್ನು ಕೊಳ್ಳದಿರುವ ವ್ರತವನ್ನು ನಮ್ಮ ಅಡುಗೆಮನೆಗಳೂ ಕೈಗೊಳ್ಳಲಿ.