ಕಾಗದದ ಮೇಲೆ ಟ್ರಾನ್ಸಿಸ್ಟರ್: ಅಗ್ಗವಾದರೆ ಸಾಲದು, ಮರಳಿ ದಕ್ಕಬೇಕು

ಎಲೆಕ್ಟ್ರಾನಿಕ್ಸ್ ಎಂದೊಡನೆ ನೆನಪಿಗೆ ಬರುವುದು ಸಿಲಿಕಾನ್ ಚಿಪ್. ಚಿಪ್ ಮತ್ತು ಪರದೆಗಳ ತಯಾರಿಕೆಗೆಂದು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ 76,000 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೊಂದು ದಾರಿಯನ್ನು ತೋರಿಸಿದ್ದರು. ಅದು ಕಾಗದದ ಮೇಲೆ ಇಂಗಾಲದ ಶಾಯಿಯಿಂದ ಟ್ರಾನ್ಸಿಸ್ಟರ್ ಮುದ್ರಿಸುವ ದಾರಿ.

ಪ್ರಾಧ್ಯಾಪಕ ಆರನ್ ಫ್ರಾಂಕ್ಲಿನ್ ನೇತೃತ್ವದ ಈ ತಂಡ ಬಳಸಿದ್ದು ಮೂರು ಶಾಯಿಗಳನ್ನು. ಅರೆವಾಹಕವಾಗಿ ಇಂಗಾಲದ ನ್ಯಾನೋ ಕೊಳವೆ, ವಾಹಕವಾಗಿ ಗ್ರಾಫೀನ್, ಅವಾಹಕವಾಗಿ ಸಸ್ಯಮೂಲದ ನ್ಯಾನೋಸೆಲ್ಯುಲೋಸ್.

ಒರಟುತನವೇ ತೊಡಕು

ಮುದ್ರಣವೆಂದರೆ ಸುಲಭದ ಕೆಲಸವೆನಿಸಬಹುದು. ವಾಸ್ತವ ಹಾಗಿಲ್ಲ. ಚಿಪ್ ತಯಾರಾಗುವ ಸಿಲಿಕಾನ್ ಬಿಲ್ಲೆ ಕನ್ನಡಿಯಂತೆ ನುಣುಪು. ಕಾಗದ, ಬಟ್ಟೆಗಳಾದರೋ ನಾರಿನ ಹೆಣಿಗೆ. ಒಂದೊಂದು ನಾರೂ ಹತ್ತಾರು ಮೈಕ್ರೋಮೀಟರ್ ದಪ್ಪವಿದ್ದರೆ, ಮುದ್ರಿತ ಶಾಯಿಯ ಪದರ ಹಲವು ವೇಳೆ ಒಂದು ಮೈಕ್ರೋಮೀಟರ್ ಕೂಡ ಇರುವುದಿಲ್ಲ. ಅಕ್ಷರದಲ್ಲಿ ಸಣ್ಣ ಬಿರುಕಿದ್ದರೆ ಓದಲು ಅಡ್ಡಿಯಿಲ್ಲ. ವಿದ್ಯುತ್ ಹರಿಯಬೇಕಾದ ಗೆರೆ ಒಂದೆಡೆ ತುಂಡಾದರೂ ಇಡೀ ಮಂಡಲ ನಿಷ್ಕ್ರಿಯ.

ಇದಕ್ಕೆ ಪರಿಹಾರಗಳು ಹಲವು. ಮೇಲ್ಮೈಗೆ ಮೊದಲು ನುಣುಪು ಲೇಪ ಕೊಡುವುದು ಒಂದು. ಶಾಯಿಯನ್ನು ಮಂಜಿನಂಥ ಹನಿಗಳಾಗಿಸಿ, ಸುತ್ತ ಅನಿಲದ ಹೊದಿಕೆ ನೀಡಿ, ಕೆಲವು ಮಿಲಿಮೀಟರ್ ಎತ್ತರದಿಂದ ಸಿಂಪಡಿಸುವ ಏರೋಸಾಲ್ ಜೆಟ್ ವಿಧಾನ ಇನ್ನೊಂದು. ಇದರಲ್ಲಿ ಮೂತಿ ಮೇಲ್ಮೈಯನ್ನು ಮುಟ್ಟುವುದಿಲ್ಲವಾದ್ದರಿಂದ ಉಬ್ಬುತಗ್ಗುಗಳು ಅಷ್ಟಾಗಿ ಕಾಡುವುದಿಲ್ಲ. ಮೂರನೆಯದರಲ್ಲಿ ಶಾಯಿಯೇ ಬೇಡ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಜೇಮ್ಸ್ ಟೂರ್ ಅವರ ತಂಡ 2018ರಲ್ಲಿ ಕಾಗದ, ಬಟ್ಟೆ, ತೆಂಗಿನ ಚಿಪ್ಪಿನ ಮೇಲ್ಪದರವನ್ನೇ ಲೇಸರ್‌ನಿಂದ ಗ್ರಾಫೀನ್ ಆಗಿ ಪರಿವರ್ತಿಸಿ ತೋರಿಸಿತು.

ಸಿಲಿಕಾನ್‌ಗೆ ಪ್ರತಿಸ್ಪರ್ಧಿಯಲ್ಲ

ಹಾಗೆಂದ ಮಾತ್ರಕ್ಕೆ ನಾಳೆ ಕಾಗದದ ಕಂಪ್ಯೂಟರ್ ಬರುತ್ತದೆ ಎಂದು ಭಾವಿಸುವುದು ತಪ್ಪು. ವೇಗದಲ್ಲಾಗಲೀ ಸೂಕ್ಷ್ಮತೆಯಲ್ಲಾಗಲೀ ಮುದ್ರಿತ ಟ್ರಾನ್ಸಿಸ್ಟರ್ ಚಿಪ್‌ನ ಹತ್ತಿರಕ್ಕೂ ಸುಳಿಯದು. ವಾಹಕತೆಯಲ್ಲಿ ಗ್ರಾಫೀನ್ ಶಾಯಿ ಬೆಳ್ಳಿ ಶಾಯಿಗಿಂತ ಬಹಳ ಹಿಂದಿದೆ. ಇದರ ಕ್ಷೇತ್ರವೇ ಬೇರೆ: ಔಷಧ ಪೊಟ್ಟಣದ ಮೇಲಿನ ಸಂವೇದಕ, ಗಾಯದ ಪಟ್ಟಿ, ಸರಕಿನ ಗುರುತುಚೀಟಿ. ಮಧುಮೇಹಿಗಳು ಮನೆಯಲ್ಲಿ ಬಳಸುವ ರಕ್ತಪರೀಕ್ಷೆಯ ಪಟ್ಟಿಗಳಲ್ಲಿ ಅನೇಕವು ಈಗಾಗಲೇ ಮುದ್ರಿತ ಇಂಗಾಲದ ಗೆರೆಗಳನ್ನು ಹೊಂದಿವೆ. ಇವೆಲ್ಲವೂ ಒಮ್ಮೆ ಬಳಸಿ ಎಸೆಯುವ ವಸ್ತುಗಳು.

ನಿಜವಾದ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತು ಉತ್ಪಾದಿಸಿದ ಇ-ತ್ಯಾಜ್ಯ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದದ್ದು ಅದರ ಶೇ. 22.3 ಮಾತ್ರ. ಗುಜರಿಯವರು ಹಳೆಯ ಫಲಕಗಳನ್ನು ಆಯ್ದುಕೊಳ್ಳುವುದು ಅವುಗಳಲ್ಲಿನ ತಾಮ್ರ ಮತ್ತು ಚಿನ್ನಕ್ಕಾಗಿ. ಕೂದಲೆಳೆಗಿಂತ ತೆಳುವಾದ ಇಂಗಾಲದ ಗೆರೆಗಾಗಿ ಕಾಗದದ ಚೂರನ್ನು ಹೆಕ್ಕುವವರು ಯಾರು?

ಡ್ಯೂಕ್ ತಂಡದ ಸಾಧನೆಗೆ ಮಹತ್ವ ಬರುವುದು ಈ ಕಾರಣಕ್ಕೆ. ಬಳಸಿದ ಕಾಗದವನ್ನು ದ್ರಾವಣದಲ್ಲಿ ಮುಳುಗಿಸಿ, ಧ್ವನಿತರಂಗಗಳಿಂದ ಅಲುಗಾಡಿಸಿ, ಅಪಕೇಂದ್ರಕದಲ್ಲಿ ತಿರುಗಿಸಿ, ನ್ಯಾನೋ ಕೊಳವೆ ಮತ್ತು ಗ್ರಾಫೀನ್‌ಗಳನ್ನು ಬಹುತೇಕ ಪೂರ್ತಿಯಾಗಿ ಅದು ಮರಳಿ ಪಡೆಯಿತು. ಆದರೆ ಪ್ರಯೋಗಾಲಯದ ಕೆಲವು ಚೂರುಗಳನ್ನು ತೊಳೆಯುವುದು ಬೇರೆ, ಊರೂರಿನ ಕಸದಿಂದ ಅವನ್ನು ಬೇರ್ಪಡಿಸುವುದು ಬೇರೆ. ಉದಾಸೀನವೂ ಸಲ್ಲದು. ಬಹುಭಿತ್ತಿಯ ನ್ಯಾನೋ ಕೊಳವೆಗಳಲ್ಲಿ ಒಂದು ಬಗೆಯನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಸಂಭಾವ್ಯ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ಬೆಂಗಳೂರಿಗೆ ಈ ವಿಷಯ ಹೊಸತೇನಲ್ಲ. ನ್ಯಾನೋ ಕೊಳವೆಗಳ ಮೇಲೆ ದ್ರವ ಹರಿದಾಗ ವಿದ್ಯುತ್ ಉಂಟಾಗುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ಮತ್ತು ಸಂಗಡಿಗರು 2003ರಲ್ಲೇ ತೋರಿಸಿದ್ದರು. ಜ್ಞಾನಕ್ಕೆ ಇಲ್ಲಿ ಕೊರತೆಯಿಲ್ಲ. ಬೇಕಿರುವುದು ಮುಂದಾಲೋಚನೆ. ಪ್ಲಾಸ್ಟಿಕ್ ಚೀಲ ಅಗ್ಗವೆಂದು ಮೊದಲು ಮನೆಮನೆಗೆ ಬಂತು, ಅದರ ವಿಲೇವಾರಿಯ ಚಿಂತೆ ಬಂದದ್ದು ಆಮೇಲೆ. ಮುದ್ರಿತ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗೆ ಹರಡುವ ಮುನ್ನವೇ, ಅದನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರದೆಂದು ಸ್ಪಷ್ಟಪಡಿಸುವುದು ಸರ್ಕಾರದ ಕೆಲಸ. ಆ ಸರದಿ ತಪ್ಪಿದರೆ ಅಗ್ಗದ ಬೆಲೆಯನ್ನು ನಗರಗಳ ಕಸದ ಗುಡ್ಡೆಗಳೇ ತೆರಬೇಕಾದೀತು.